ಒಡೆದ ಹೆಂಚಿನ ಮೇಲೆ ಯಾರ ಹೆಸರು ಕೆತ್ತಿಸುವುದು?

ಪತ್ರ: ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 22 ಮಕ್ಕಳಿದ್ದಾರೆ. ಹೆಂಚಿನ ಮಾಡು ಎರಡು ಮಳೆಗಾಲದಿಂದ ಸೋರುತ್ತಿದೆ. ಕೇಳಿದರೆ ಅನುದಾನ ಇಲ್ಲ ಅನ್ನುತ್ತಾರೆ. ಪಕ್ಕದೂರಿಗೆ ಮಾತ್ರ ಹೊಸ ಕೊಠಡಿ ಬಂತು. ಇದ್ಯಾವ ನ್ಯಾಯ?
– ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೊಬ್ಬರು, ಮಲೆನಾಡು

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಆದರೆ ಹೊಸ ಕೊಠಡಿಯ ದುಡ್ಡು ಬೇರೆ, ರಿಪೇರಿಯ ದುಡ್ಡು ಬೇರೆ. 2022ರಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ‘ವಿವೇಕ’ ಹೆಸರಿನಲ್ಲಿ ಏಳೂವರೆ ಸಾವಿರದಷ್ಟು ಕೊಠಡಿ ಕಟ್ಟಿಸಲು ಹೊರಟಿತು. ನಮಗೆ ನೆನಪಿರುವುದು ಆ ಕೊಠಡಿಗಳಿಗೆ ಕೇಸರಿ ಬಣ್ಣ ಬಳಿಯಬೇಕೇ ಬೇಡವೇ ಎಂಬ ಜಗಳ. ಬಣ್ಣ ಯಾವುದಾದರೂ ಇರಲಿ, ನಾಳೆ ಆ ಗೋಡೆ ಬಿರುಕು ಬಿಟ್ಟರೆ ಖರ್ಚು ಯಾರದು ಎಂಬ ಮಾತು ಆ ಗಲಾಟೆಯಲ್ಲಿ ನನಗಂತೂ ಕೇಳಿಸಲಿಲ್ಲ.

ನಿಮ್ಮ ಶಾಲೆಯ ಕೈಗೆ ಬರುವುದು ಕೇಂದ್ರ, ರಾಜ್ಯ ಎರಡೂ ಸೇರಿ ನಡೆಸುವ ‘ಸಮಗ್ರ ಶಿಕ್ಷಣ’ ಯೋಜನೆಯ ಶಾಲಾ ಅನುದಾನ. ಅದನ್ನು ತಲೆ ಎಣಿಸಿ ಕೊಡುತ್ತಾರೆ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, ಅದರ ಮೇಲೆ 100ರವರೆಗೆ 25,000. ಆ ಹತ್ತು ಸಾವಿರದಲ್ಲೇ ಸೀಮೆಸುಣ್ಣ, ಕರೆಂಟ್ ಬಿಲ್ಲು, ಫಿನಾಯಿಲ್ ಎಲ್ಲ ಆಗಬೇಕು. ಉಳಿದ ಚಿಲ್ಲರೆಯಲ್ಲಿ ಮಾಡು ಹೊದಿಸಬೇಕಂತೆ! ಮಕ್ಕಳು ಕಮ್ಮಿ ಅಂತ ಮಳೆ ಕಮ್ಮಿ ಸುರಿಯುತ್ತದೆಯೇ? ನಿಮ್ಮ ಕಡೆ ಮಕ್ಕಳು ಕಮ್ಮಿ, ಮಳೆಯೇ ಜಾಸ್ತಿ ಅಲ್ವಾ. ರಿಪೇರಿ ಹಣವನ್ನಾದರೂ ಕಟ್ಟಡದ ವಯಸ್ಸು, ಮಾಡಿನ ಅಳತೆ ನೋಡಿ ಕೊಡಬೇಕು ಅನ್ನುವುದು ನನ್ನ ವಾದ.

ಶಾಸಕರ ನಿಧಿ ಇದೆಯಲ್ಲ ಅನ್ನಬಹುದು. ಇದೆ, ಇಡೀ ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ. ರಸ್ತೆ, ಚರಂಡಿ, ಸಮುದಾಯ ಭವನದ ಜೊತೆ ನಿಮ್ಮ ಹೆಂಚೂ ಸರದಿ ನಿಲ್ಲಬೇಕು. ಹೊಸ ಕೊಠಡಿಯ ಕಲ್ಲಿನಲ್ಲಿ ಹೆಸರು ಕೆತ್ತಿಸಬಹುದು. ಹೆಂಚಿಗೆ ಆ ಭಾಗ್ಯವಿಲ್ಲ.

ಇನ್ನು ಬಾಯಿಮಾತಿನಲ್ಲಿ ಕೇಳುವುದನ್ನು ಬಿಡಿ. ಸಭೆ ಕರೆದು ಠರಾವು ಬರೆಸಿ. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಶಾಲಾ ಸಮಿತಿಯ ಕೆಲಸ. ಸರ್ಕಾರದ ಅನುದಾನಕ್ಕೆ ಅದೇ ಆಧಾರವಾಗಬೇಕು ಅಂತಲೂ ಅಲ್ಲೇ ಬರೆದಿದೆ. ಮಾಡಿನ ರಿಪೇರಿಯನ್ನು ಅದರಲ್ಲಿ ಸೇರಿಸಿ. ಎಂಜಿನಿಯರ್ ಎಸ್ಟಿಮೇಟ್, ಸೋರುವಾಗ ತೆಗೆದ ಫೋಟೊ ಇಟ್ಟು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ. ಸ್ವೀಕೃತಿ ಪಡೆಯದೆ ಎದ್ದು ಬರಬೇಡಿ.

ಅಂದಹಾಗೆ, ಹೆಂಚು ತೆಗೆದು ತಗಡು ಹಾಕೋಣ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಬೇಡಿ. ಜೋರು ಮಳೆಗೆ ತಗಡಿನ ಸದ್ದಿನಲ್ಲಿ ಮೇಷ್ಟ್ರ ಪಾಠ ಕೇಳುವುದಿಲ್ಲ. ಹೆಂಚು ಹೊರುವ ಮರದ ಪಕಾಸಿ, ರೀಪುಗಳಲ್ಲಿ ಗೆದ್ದಲು ತಿಂದವು, ಒಡೆದ ಹೆಂಚು ಇಷ್ಟನ್ನೇ ಬದಲಿಸಿದರೆ ಸಾಕೇ ಅಂತ ಮೊದಲು ಊರಿನ ಬಡಗಿಯನ್ನು ಮೇಲೆ ಹತ್ತಿಸಿ ನೋಡಿಸಿ.