ಎಂತಾ ಡಾಕ್ಟ್ರು ಆಗೋದು ಅಂತ ಈಗ್ಲೇ ಹೇಳ್ಬೇಕಾ?

ಅಂಕೋಲಾ ಕಡೆಯ ಓದುಗಿಯೊಬ್ಬಳ ಪತ್ರ ಇದು, ಹೆಸರು ಹಾಕ್ಬೇಡಿ ಅಂದಿದ್ದಾಳೆ. ಕಾರವಾರದಲ್ಲಿ ಎಂಬಿಬಿಎಸ್ ಸೆಕೆಂಡ್ ಇಯರ್. ಜೊತೆಗಿನವ್ರು ಆಗ್ಲೇ ಆರ್ಥೋ (ಮೂಳೆ), ಸ್ಕಿನ್, ರೇಡಿಯಾಲಜಿ (ಎಕ್ಸ್‌ರೇ, ಸ್ಕ್ಯಾನ್) ಅಂತ ಫಿಕ್ಸ್ ಆಗಿದಾರೆ, ಅಪ್ಪಂಗೆ ಮಗಳು ಹಾರ್ಟ್ ಡಾಕ್ಟ್ರು ಆಗ್ಬೇಕು, ತನಗೆ ಮಾತ್ರ ಇನ್ನೂ ಏನೂ ಅನಿಸ್ತಿಲ್ಲ, ತಡ ಆಯ್ತಾ, ಯಾವಾಗ ಡಿಸೈಡ್ ಮಾಡ್ಬೇಕು ಅಂತ ಕೇಳಿದಾಳೆ.

ತಂಗೀ, ತಡ ಏನೂ ಆಗ್ಲಿಲ್ಲ. ನಿನ್ನ ಪ್ರಶ್ನೇಲಿ ಅರ್ಧ ಗಾಬರಿ ಯೂಟ್ಯೂಬಿಂದ ಬಂದಿದ್ದು ಅಂತ ನನ್ನ ಅನುಮಾನ. ಅಮೆರಿಕದ ಸ್ಟೂಡೆಂಟ್ಸು ಥರ್ಡ್ ಇಯರ್ ಮುಗಿಯೋದ್ರೊಳಗೆ ಬ್ರಾಂಚ್ ಗಟ್ಟಿ ಮಾಡ್ಕೋಬೇಕು ಅಂತ ವಿಡಿಯೋ ಮಾಡ್ತಾರಲ್ಲ, ಅವರಿಗೆ ಅದು ಖರೆ, ಯಾಕಂದ್ರೆ ಅಲ್ಲಿ ರೆಸಿಡೆನ್ಸಿಗೆ, ಅಂದ್ರೆ ನಮ್ಮ ಪಿಜಿ ಥರದ್ದಕ್ಕೆ, ಅರ್ಜಿ ಹಾಕೋದೇ ಬ್ರಾಂಚ್ ಹೆಸರಲ್ಲಿ, ಆ ಬ್ರಾಂಚಿನ ದೊಡ್ಡವರ ಹತ್ರ ಶಿಫಾರಸು ಪತ್ರ ಬೇಕು, ರಿಸರ್ಚ್ ತೋರಿಸ್ಬೇಕು. ನಮ್ಮಲ್ಲಿ ಹಂಗಲ್ಲ. ಎಂಬಿಬಿಎಸ್ ಆದ್ಮೇಲೆ ಸ್ಪೆಷಲಿಸ್ಟ್ ಓದಿಗೆ ಬರೆಯೋ ನೀಟ್ ಪಿಜಿ ಎಲ್ಲರಿಗೂ ಒಂದೇ ಪೇಪರ್, ಹತ್ತೊಂಬತ್ತು ಸಬ್ಜೆಕ್ಟೂ ಬರುತ್ತೆ. ಆರ್ಥೋ ಅಂತ ಈಗ್ಲೇ ಫಿಕ್ಸ್ ಆದ ನಿನ್ನ ಕ್ಲಾಸ್‌ಮೇಟೂ ನಾಳೆ ಫಾರ್ಮಕಾಲಜಿ, ಪೀಡಿಯಾಟ್ರಿಕ್ಸ್ ಎಲ್ಲಾ ಓದ್ಲೇಬೇಕು, ನೀನೂ ಅದನ್ನೇ ಓದ್ಬೇಕು. ಅಂದ್ಮೇಲೆ ಈಗ ನಿರ್ಧಾರ ಮಾಡ್ದೇ ಇರೋದ್ರಿಂದ ನಿಂಗೆ ಒಂದು ಮಾರ್ಕೂ ಕಮ್ಮಿ ಆಗಲ್ಲ. ನಿಜವಾಗಿ ಕೈ ಹಾಕಿ ಆರಿಸೋ ದಿನ ಬರೋದು ಸೀಟು ಹಂಚೋ ಕೌನ್ಸೆಲಿಂಗ್‌ಗೆ ಆಪ್ಷನ್ ತುಂಬುವಾಗ, ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಎಲ್ಲಾ ಮುಗಿಸಿ. ಆಗ ಬ್ರಾಂಚೂ ಕಾಲೇಜೂ ಸೇರಿಸಿ ಉದ್ದಕ್ಕೆ ಪಟ್ಟಿ ಹಾಕ್ಬೇಕು, ರ‍್ಯಾಂಕ್ ಎಲ್ಲಿ ನಿಲ್ಸುತ್ತೋ ಅಲ್ಲಿ ನಿಲ್ಬೇಕು. ಇಸೋಣ ಮೀನೇ ಬೇಕು ಅಂತ ಮಸಾಲೆ ಅರೆದಿಟ್ಟು ಕಾರವಾರದ ಮೀನು ಮಾರ್ಕೆಟ್ಟಿಗೆ ಹೋಗಿ, ಅವತ್ತು ಅದು ಬಂದೇ ಇಲ್ದಿದ್ರೆ ಆಗೋ ಫಜೀತಿ ನಿಂಗೆ ಗೊತ್ತಲ್ಲ. ಹಾಗಾಗಿ ಒಂದೇ ಬ್ರಾಂಚ್ ಹಿಡ್ಕೊಂಡು ಕೂತವರಿಗೆ ಕೊನೇಲಿ ಕಷ್ಟ, ಎರಡು ಮೂರು ಒಪ್ಪಿಗೆ ಆಗಿದ್ದವರಿಗೆ ನಿದ್ದೆ ಬರುತ್ತೆ.

ಹಾಗಂತ ಇಂಟರ್ನ್‌ಶಿಪ್ ತನಕ ಸುಮ್ನೆ ಇರು ಅಂತ ಅಲ್ಲ. ಈಗಿಂದ್ಲೇ ಬೇಡದ್ದನ್ನ ಹೊಡೆದು ಹಾಕ್ತಾ ಹೋಗು. ವಾರ್ಡ್ ಪೋಸ್ಟಿಂಗ್ ಶುರುವಾಗಿದೆಯಲ್ಲ, ಬೆಳಿಗ್ಗೆ ಪ್ರೊಫೆಸರ್ ರೌಂಡ್ಸ್ ಒಂದೇ ನೋಡಿ ಬರ್ಬೇಡ, ಅದು ಎಲ್ಲಾ ಡಿಪಾರ್ಟ್‌ಮೆಂಟಲ್ಲೂ ಚೆಂದಾನೇ ಕಾಣುತ್ತೆ. ಒಂದ್ಸಲ ರಾತ್ರಿ ಎರಡು ಗಂಟೆಗೆ ಲೇಬರ್ ವಾರ್ಡಿಗೆ ಹೋಗಿ ನಿಂತ್ಕೋ. ಪಿಜಿ ಓದೋ ಡಾಕ್ಟ್ರು ಒಬ್ಳು ಊಟದ ಡಬ್ಬಿ ಬಿಚ್ಚಿ ಒಂದು ತುತ್ತು ಬಾಯಿಗಿಟ್ಟು ಮುಚ್ಚಿ ಓಡ್ತಾಳೆ, ವಾಪಸ್ ಬರೋದ್ರೊಳಗೆ ಹೊರಗಡೆ ಅತ್ತೆ, ಗಂಡ, ಗಂಡನ ಅಣ್ಣ ಎಲ್ಲಾ ಸೇರಿ ಏನಾಯ್ತು ಏನಾಯ್ತು ಅಂತ ಬಾಗಿಲಿಗೆ ಅಂಟ್ಕೊಂಡಿರ್ತಾರೆ, ಅವರಿಗೆ ಉತ್ತರ ಕೊಟ್ಟು ಕೇಸ್ ಶೀಟ್ ಬರೆದು ಕೂರೋ ಹೊತ್ತಿಗೆ ಮತ್ತೊಂದು ಕೇಸು. ಅದನ್ನ ನೋಡಿ ನಿಂಗೆ ಅಯ್ಯೋ ಅನಿಸ್ತಾ, ಇಲ್ಲಾ ನಾನೂ ಒಳಗೆ ಹೋಗ್ಬೇಕಿತ್ತು ಅನಿಸ್ತಾ? ಈ ಉತ್ತರ ಯಾವ ಕೋಚಿಂಗೂ ಹೇಳ್ಕೊಡಲ್ಲ.

ಇನ್ನೊಂದು ತೊಂದರೆ ಇದೆ. ಎಲ್ಲಾ ಬ್ರಾಂಚೂ ನಿಂಗೆ ಒಂದೇ ಅಳತೇಲಿ ಕಾಣ್ಸಲ್ಲ. ಮೆಡಿಸಿನ್, ಸರ್ಜರಿ ವಾರಗಟ್ಲೆ ಮಾಡ್ತೆ, ಅನೆಸ್ತೀಸಿಯಾ (ಅರಿವಳಿಕೆ) ಕಣ್ಮುಚ್ಚಿ ತೆಗೆಯೋದ್ರೊಳಗೆ ಮುಗಿದು ಹೋಗುತ್ತೆ, ಒಳ್ಳೇ ರ‍್ಯಾಂಕಿನವ್ರು ಮೊದ್ಲು ಎತ್ಕೊಳ್ಳೋ ರೇಡಿಯಾಲಜಿಯನ್ನಂತೂ ನೀನೇ ಕೇಳಿ ಹೋಗಿ ಕತ್ತಲೆ ರೂಮಲ್ಲಿ ಕೂತು ನೋಡ್ಬೇಕು. ಇಲೆಕ್ಟಿವ್, ಅಂದ್ರೆ ನೀನೇ ಆರಿಸ್ಕೊಳ್ಳೋ ಪೋಸ್ಟಿಂಗ್, ಸಿಕ್ಕಾಗ ಇಂಥದ್ದಕ್ಕೆ ಬಳಸ್ಕೋ.

ಹುಡುಗ್ರು ಮೊದ್ಲೇ ಹೊಡೆದು ಹಾಕೋದು ಊರಿನ ಆರೋಗ್ಯ ನೋಡೋ ಕಮ್ಯುನಿಟಿ ಮೆಡಿಸಿನ್, ರೋಗಾಣು ನೋಡೋ ಮೈಕ್ರೋಬಯಾಲಜಿ. ನಮ್ಮ ಉತ್ತರ ಕನ್ನಡ ಜಿಲ್ಲೇಲಿ ಕೂತು ಅದನ್ನ ಹೊಡೀಬೇಕಾದ್ರೆ ಸ್ವಲ್ಪ ತಡಿ. ಮಂಗನ ಕಾಯಿಲೆ 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ ಗೊತ್ತಾಗಿದ್ದು, ಇವತ್ತಿಗೂ ಬೇಸಿಗೆ ಬಂತು ಅಂದ್ರೆ ಸಿದ್ದಾಪುರದ ಕಡೆ ಜನ ಕಾಡಿಗೆ ಸೊಪ್ಪಿಗೆ, ದರಕಿಗೆ (ಒಣ ಎಲೆಗೆ) ಹೋಗೋಕೆ ಹೆದರ್ತಾರೆ. ಎಲ್ಲಿ ಮಂಗ ಸತ್ತಿದೆ ಅಂತ ಸುದ್ದಿ ಹಿಡಿಯೋದು, ಈ ಕಾಯಿಲೆ ಹರಡೋ ಉಣುಗು (ಉಣ್ಣೆ ಹುಳ) ಹಿಡಿದು ಟೆಸ್ಟಿಗೆ ಕಳ್ಸೋದು, ಜ್ವರ ಬಂದವರ ರಕ್ತ ಲ್ಯಾಬಿಗೆ ಮುಟ್ಟಿಸೋದು, ಉಣುಗು ಕಚ್ಚದ ಹಾಗೆ ಮೈಗೆ ಹಚ್ಕೊಳ್ಳೋ ಎಣ್ಣೆಯನ್ನ ಜನ ನಿಜವಾಗ್ಲೂ ಹಚ್ಚೋ ಹಾಗೆ ಮಾಡೋದು, ಇದೆಲ್ಲಾ ಯಾರ ಕೆಲಸ ಅಂದ್ಕೊಂಡೆ? ಆ ಡಾಕ್ಟ್ರಿಗೆ ಮನೆ ಮುಂದೆ ಕ್ಯೂ ಇರಲ್ಲ, ಮದುವೆ ಮಾರ್ಕೆಟ್ಟಲ್ಲೂ ರೇಟ್ ಇರಲ್ಲ, ಅದು ಬೇರೆ ಮಾತು.

ಎಲ್ಲಿ ಇರ್ತೆ ಅನ್ನೋದನ್ನೂ ಲೆಕ್ಕಕ್ಕೆ ತಗೋ. 2022ರಲ್ಲಿ ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟು ಕೂಗೆದ್ದಿತ್ತು, ನಿಂಗೂ ನೆನಪಿರ್ಬಹುದು. ಸೀರಿಯಸ್ ಆದ್ರೆ ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಆಂಬುಲೆನ್ಸ್ ಓಡೋ ಊರು ನಮ್ದು. ದೊಡ್ಡ ಮೆಷಿನ್ ಇಲ್ದೆ ನಡೆಯದ ಬ್ರಾಂಚ್ ತಗೊಂಡ್ರೆ ದೊಡ್ಡ ಊರಲ್ಲೇ ಇರ್ಬೇಕಾಗ್ಬಹುದು. ಅದೇ ಅನೆಸ್ತೀಸಿಯಾ ಡಾಕ್ಟ್ರು ಒಬ್ರು ಇಲ್ಲ ಅಂದ್ರೆ ತಾಲೂಕು ಆಸ್ಪತ್ರೇಲಿ ಗೈನಕಾಲಜಿಸ್ಟ್ ಇದ್ರೂ ಸಿಸೇರಿಯನ್ ಮಾಡೋಕಾಗದೆ ಬಸುರಿಯನ್ನ ಮುಂದಿನ ಊರಿಗೆ ಕಳಿಸ್ತಾರೆ. ನಂಗೆ ಅನೆಸ್ತೀಸಿಯಾ, ಪೀಡಿಯಾಟ್ರಿಕ್ಸ್ ಓದಿ ಊರಿಗೆ ಬಂದವ್ರ ಮೇಲೆ ಪಕ್ಷಪಾತ ಇದೆ, ಮುಚ್ಚಿಡಲ್ಲ. ಆದ್ರೆ ಜಿಲ್ಲೆಯ ಭಾರ ನಿನ್ನೊಬ್ಬಳ ತಲೆ ಮೇಲೆ ಹೊರ್ಸೋಕೆ ನಂಗೆ ಅಧಿಕಾರ ಇಲ್ಲ.

ಅಪ್ಪನ ವಿಷ್ಯ. ಅವರ ಜೊತೆ ಜಗಳ ಆಡೋದೇ ಬೇಡ, ಲೆಕ್ಕ ಹೇಳು ಸಾಕು. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಆಮೇಲೆ ಎಂಡಿ ಮೆಡಿಸಿನ್ ಮೂರು, ಅದಾದ್ಮೇಲೆ ಇನ್ನೊಂದು ಎಂಟ್ರೆನ್ಸ್ ಬರೆದು ಡಿಎಂ ಕಾರ್ಡಿಯಾಲಜಿ, ಅಂದ್ರೆ ಹಾರ್ಟಿನ ಓದು, ಮೂರು. ಒಂದು ವರ್ಷನೂ ಹಾಳಾಗ್ದೆ ಹನ್ನೊಂದೂವರೆ. ಎಂಡಿಗೆ ಸೇರೋ ತನಕ ಹಾರ್ಟಾ, ಕಿಡ್ನಿಯಾ, ನರಾನಾ ಅಂತ ಯಾರೂ ನಿನ್ನ ಕೇಳೋದೂ ಇಲ್ಲ. ಮೆಡಿಸಿನ್ ಪೋಸ್ಟಿಂಗ್ ನಿಂಗೆ ಹಿಡಿಸಿದ್ರೆ ಅಪ್ಪನ ಆಸೆ ಇನ್ನೂ ಜೀವಂತ ಇದೆ ಅಂತ್ಲೇ ಹೇಳ್ಬಹುದು, ಸುಳ್ಳೇನಲ್ಲ. ಹಿಡಿಸದಿದ್ರೆ ಆಗ ಮಾತಾಡು, ಈಗ ಇಲ್ಲದ ಜಗಳ ಯಾಕೆ.

ಪತ್ರದ ಕೊನೇಲಿ ಪೆಥಾಲಜಿ ಇಂಟರ್ನಲ್ಸ್ ಹತ್ರ ಬಂತು, ಏನೂ ಓದಿಲ್ಲ ಅಂತ ಬೇರೆ ಬರ್ದಿದ್ದೀಯ. ಮೊದ್ಲು ಅದನ್ನ ಮುಗಿಸು ಮಾರಾಯ್ತಿ, ಫೈನಲ್ ಇಯರ್‌ಗೆ ಬಂದ್ಮೇಲೆ ಪಟ್ಟೀಲಿ ಏನು ಉಳ್ಕೊಂಡಿದೆ ಅಂತ ಮತ್ತೆ ಪತ್ರ ಹಾಕು.

– ಸಂ.