ಶರಾವತಿಯ ವಿದ್ಯುತ್ ಇದ್ದರೂ ತೈಲದ ಬಿಸಿ ತಟ್ಟುವುದೇಕೆ?

ನಮಸ್ಕಾರ. ಶರಾವತಿಯಲ್ಲಿ ಇಷ್ಟೊಂದು ವಿದ್ಯುತ್ ಉತ್ಪಾದನೆಯಾಗುತ್ತಿರುವಾಗ, ಕಚ್ಚಾ ತೈಲ ತುಟ್ಟಿಯಾದರೆ ಸಾಗರದ ಅಡಿಕೆ ಬೆಳೆಗಾರರಿಗೇಕೆ ಪೆಟ್ಟು ಎಂದು ಕೇಳಿದ್ದೀರಿ. ಶರಾವತಿ ಜಲವಿದ್ಯುತ್ ಕೇಂದ್ರದ 1,035 ಮೆಗಾವಾಟ್ ಸಾಮರ್ಥ್ಯ ತೋಟದ ಪಂಪ್‌ಸೆಟ್ಟನ್ನು ನಡೆಸಬಲ್ಲದು. ಶಿವಮೊಗ್ಗದ ಮಂಡಿಯಿಂದ ಉತ್ತರ ಭಾರತಕ್ಕೆ ‘ರಾಶಿ’ ಬಗೆಯ ಅಡಿಕೆ ಹೊರುವ ಲಾರಿ ಮಾತ್ರ ಓಡುವುದು ಡೀಸೆಲ್‌ನಿಂದಲೇ, ಮತ್ತು ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 80ಕ್ಕೂ ಹೆಚ್ಚನ್ನು ಡಾಲರ್ ಕೊಟ್ಟು ತರಿಸಿಕೊಳ್ಳುತ್ತದೆ.

ಸಮಸ್ಯೆಯ ಬೇರು ಇರುವುದು ಆ ಡಾಲರಿನಲ್ಲಿ. 2022ರಲ್ಲಿ ಉಕ್ರೇನ್ ಯುದ್ಧದಿಂದ ತೈಲ ಬ್ಯಾರೆಲ್ಲಿಗೆ 120 ಡಾಲರ್ ದಾಟಿದಾಗ ಆಮದಿನ ವೆಚ್ಚ ಏರಿ ಡಾಲರಿಗೆ ಬೇಡಿಕೆ ಹೆಚ್ಚಿತು. ಅದೇ ಹೊತ್ತಿಗೆ ಅಮೆರಿಕ ಬಡ್ಡಿ ಏರಿಸಿದ್ದರಿಂದ ವಿದೇಶಿ ಬಂಡವಾಳವೂ ಹೊರಹೋಗಿ, ವರ್ಷಾರಂಭದಲ್ಲಿ ಡಾಲರಿಗೆ 75ರ ಆಸುಪಾಸಿನಲ್ಲಿದ್ದ ರೂಪಾಯಿ ಅಕ್ಟೋಬರ್ ವೇಳೆಗೆ 83ಕ್ಕೆ ಕುಸಿಯಿತು. ಹಣದುಬ್ಬರ ತಡೆಯಲು ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ ದರ) ಶೇ. 4ರಿಂದ 2023ರ ಫೆಬ್ರವರಿಯೊಳಗೆ ಶೇ. 6.5ಕ್ಕೆ ಏರಿಸಿತು. ಸಹಕಾರಿ ಸಂಘದ ಬೆಳೆಸಾಲಕ್ಕೆ ಸರ್ಕಾರದ ಬಡ್ಡಿ ಸಹಾಯಧನವಿರುವುದರಿಂದ ಅಲ್ಲಿ ಬಿಸಿ ಅಷ್ಟಾಗಿ ತಟ್ಟದು. ಆದರೆ ರೆಪೊಗೆ ಜೋಡಿಸಿದ ಮನೆಸಾಲದ ಕಂತು, ಅಡಿಕೆ ಸುಲಿಯುವ ಯಂತ್ರಕ್ಕೆ ಸಣ್ಣ ಉದ್ದಿಮೆದಾರ ಪಡೆದ ಸಾಲ ಎರಡೂ ಭಾರವಾದವು. ಪೊಟ್ಯಾಷ್ ಗೊಬ್ಬರವೂ ಬಹುತೇಕ ಆಮದೇ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ, ತಾಮ್ರದಿಂದ ತಯಾರಾಗುವ ಮೈಲುತುತ್ತದ ಬೆಲೆಯೂ ಜಾಗತಿಕ ತಾಮ್ರದ ಮಾರುಕಟ್ಟೆಯನ್ನೇ ಅನುಸರಿಸುತ್ತದೆ.

ರೂಪಾಯಿ ಇಳಿದರೆ ಹೊರಗಿನ ಅಡಿಕೆ ತುಟ್ಟಿಯಾಗಿ ನಮಗೆ ಲಾಭವಲ್ಲವೇ ಎನ್ನಬಹುದು. ತತ್ತ್ವತಃ ಹೌದು, ಆದರೆ 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು (ಇದಕ್ಕಿಂತ ಅಗ್ಗದ ಅಡಿಕೆ ತರಿಸುವಂತಿಲ್ಲ) ಕಿಲೋಗೆ 351 ರೂಪಾಯಿಗೆ ಏರಿಸಿದ ಮೇಲೆ, ನನ್ನ ಅಂದಾಜಿನಲ್ಲಿ, ಧಾರಣೆಯನ್ನು ವಿನಿಮಯ ದರಕ್ಕಿಂತ ಈ ಗೋಡೆ ಮತ್ತು ಅದನ್ನು ತಪ್ಪಿಸಿ ನುಸುಳುವ ಕಳ್ಳಸಾಗಣೆಯ ಮಾಲೇ ಹೆಚ್ಚು ಅಲುಗಾಡಿಸುತ್ತವೆ.