ನಾಯಿ ಮುಳುಗುತ್ತಿದೆಯಾ, ಇಣುಕುತ್ತಿದೆಯಾ?

ಪ್ರಾಣಿಯ ಚಿತ್ರ ಬಿಡಿಸಿದವರು ಅರ್ಥ ಹೇಳದೇ ಬಿಟ್ಟರೆ ನೋಡುವವರು ಅಂದುಕೊಂಡದ್ದೆಲ್ಲ ಸರಿಯಾ ಅಂತ ಕೇಳಿದ್ದೀರಿ. ಎಲ್ಲವೂ ಅಲ್ಲ. ಚಿತ್ರದೊಳಗೆ ಅದಕ್ಕೆ ಆಧಾರ ಸಿಗಬೇಕು.

ಸ್ಪೇನಿನ ಚಿತ್ರಕಾರ ಗೋಯಾ ಬಿಡಿಸಿದ ನಾಯಿಯನ್ನೇ ನೋಡಿ. 1819ರಿಂದ 1823ರ ನಡುವೆ ತನ್ನ ಮನೆಯ ಗೋಡೆ ಮೇಲೆ ಬಿಡಿಸಿದ್ದು, ಈಗ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ. ಚಿತ್ರದ ಹೆಸರು ಕೂಡ ಅವನಿಟ್ಟದ್ದಲ್ಲ. ಕೆಳಗೆ ಕಂದು ಇಳಿಜಾರು, ಅದರ ಅಂಚಿನಲ್ಲಿ ನಾಯಿಯ ತಲೆ ಮಾತ್ರ. ಮೇಲೆಲ್ಲ ಮಾಸಲು ಹಳದಿ, ಖಾಲಿ. ಮರಳಲ್ಲಿ ಮುಳುಗುತ್ತಿದೆ ಅಂತ ಕೆಲವರು, ದಿಬ್ಬದ ಹಿಂದಿನಿಂದ ಇಣುಕುತ್ತಿದೆ ಅಂತ ಇನ್ನು ಕೆಲವರು. ಮೈಯೇ ಕಾಣುವುದಿಲ್ಲವಲ್ಲ, ಹಾಗಾಗಿ ಎರಡೂ ನಿಲ್ಲುತ್ತವೆ. ಖುಷಿಯಾಗಿ ಆಡುತ್ತಿದೆ ಅಂದರೆ ಮಾತ್ರ ನಾನು ಒಪ್ಪುವುದಿಲ್ಲ. ಆ ಮೇಲೆತ್ತಿದ ಮೂತಿಯಲ್ಲಿ ಆಟ ಎಲ್ಲಿದೆ?

ಇನ್ನೊಂದು ತೊಡಕೂ ಇದೆ. 1870ರ ದಶಕದಲ್ಲಿ ಗೋಡೆಯಿಂದ ಕ್ಯಾನ್ವಾಸಿಗೆ ತೆಗೆಯುವಾಗ ಆ ಮನೆಯ ಚಿತ್ರಗಳಿಗೆ ಸಾಕಷ್ಟು ಪೆಟ್ಟಾಯಿತು. ಹಾಗಾಗಿ ಆ ಖಾಲಿ ಜಾಗ ಪೂರ್ತಿ ಗೋಯಾನದ್ದೇನಾ ಅನ್ನುವ ಚರ್ಚೆ ಬೇರೆ!

ನಿಮ್ಮ ಮುಂದೆ ಯಾವ ಪ್ರಾಣಿಯ ಚಿತ್ರ ಬಂದರೂ ಹೀಗೇ ಮಾಡಿ. ಹೆಸರಿನ ಚೀಟಿ ಆಮೇಲೆ ಓದಿದರಾಯ್ತು. ಮೊದಲು ಪ್ರಾಣಿ ಎತ್ತ ನೋಡುತ್ತಿದೆ, ಸುತ್ತ ಎಷ್ಟು ಜಾಗ ಬಿಟ್ಟಿದ್ದಾರೆ ಅಂತ ಗಮನಿಸಿ.